ಪಂಪ್ ಶೆಡ್ಡಿನ ಗುಂಯ್ ಕಳೆದು ಪೈಪಿನ ಹೊಡೆತ ಉಳಿಸಿಕೊಳ್ಳುವುದು

ಹೂಮಳೆ ಕೈಕೊಟ್ಟ ವರ್ಷ ಕೊಡಗಿನ ಸಿದ್ದಾಪುರದ ಕಡೆ ರೋಬಸ್ಟಾ ಕಾಫಿ ತೋಟಗಳಿಗೆ ಕೆರೆ ನೀರಿನ ಸ್ಪ್ರಿಂಕ್ಲರೇ ಗತಿ. ಪಂಪ್ ಓಡುವಾಗ ಕರೆಂಟ್ ಹೋದರೆ ಮೇಲಿನ ನೀರು ಹಿಂದಕ್ಕೆ ಬಂದು ಪೈಪಿಗೆ ಬಡಿಯುತ್ತದೆ. ಆ ಹೊಡೆತ ಅಳೆಯಲು 10 ಬಾರ್‌ವರೆಗಿನ, 0.5ರಿಂದ 4.5 ವೋಲ್ಟ್ ಕೊಡುವ ಪ್ರೆಷರ್ ಸೆನ್ಸರ್ ಕೂರಿಸಿ ಆರ್ಡುಯಿನೊ ಊನೊ ಎಂಬ ಚಿಕ್ಕ ಕಂಟ್ರೋಲರ್ ಬೋರ್ಡಿಗೆ ಕೊಟ್ಟಿದ್ದೇನೆ. ಅದರ ಎಡಿಸಿ (ವೋಲ್ಟನ್ನು ಅಂಕಿಯಾಗಿಸುವ ಭಾಗ) 10 ಬಿಟ್‌ನದು: ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಅಂದರೆ 0.012 ಬಾರ್. ಮೋಟಾರ್ ನಿಂತಾಗ ಓದು ಅಲ್ಲಾಡುವುದಿಲ್ಲ. ಸ್ಟಾರ್ಟರ್ ಒತ್ತಿದರೆ ಇಪ್ಪತ್ತು ಮೆಟ್ಟಿಲು ಮೇಲೆ ಕೆಳಗೆ ಕುಣಿಯುತ್ತದೆ. ಇದೇ ಕರೆಂಟಿನ 50 ಹರ್ಟ್ಸ್ ಗುಂಯ್. ಸೆನ್ಸರ್ ವಯರು ಮೋಟಾರ್ ಕೇಬಲಿನ ಮಗ್ಗುಲಲ್ಲೇ ಬರುತ್ತದಲ್ಲ! ದೂರ ಎಳೆಯಲು ಜಾಗ ಇರುವವರು ಮೊದಲು ಅದನ್ನೇ ಮಾಡಿ.

ಬರೀ ಒತ್ತಡ ನೋಡುವವರಿಗೆ 20 ಮಿಲಿಸೆಕೆಂಡಿನ ಸರಾಸರಿ ಧಾರಾಳ ಸಾಕು, 50 ಹರ್ಟ್ಸ್ ಅದರಲ್ಲೇ ಸೊನ್ನೆಯಾಗುತ್ತದೆ. ನನಗೆ ಬೇಕಿದ್ದ ಹೊಡೆತದ ತುದಿಯೂ ಅದರಲ್ಲಿ ಚಪ್ಪಟೆಯಾಗುತ್ತದೆ, ಅದೇ ತೊಂದರೆ.

ಮೊದಲು ಎಡಿಸಿ ಪಿನ್ನಿನಲ್ಲಿ 10 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. 159 ಹರ್ಟ್ಸ್‌ನಿಂದ ಮೇಲಿನದು ಇಳಿಯುತ್ತಾ ಹೋಗುತ್ತದೆ. ಸೆಕೆಂಡಿಗೆ 1000 ಸಲ ಓದುವಾಗ 500 ಹರ್ಟ್ಸ್ ಮೇಲಿನ ನಾಯ್ಸ್ ಮಡಚಿಕೊಂಡು ಕೆಳಗೆ ಬಂದು ಕೂತರೆ ಆಮೇಲೆ ಯಾವ ಪ್ರೋಗ್ರಾಮಿನಿಂದಲೂ ಬಿಡಿಸಲಾಗದು.

ಇನ್ನು ಕಳ್ಳನ, ಅಂದರೆ ಗುಂಯ್‌ನ ಗುರುತು. ಅದೇ ಲೈನಿನಿಂದ 230ರಿಂದ 6 ವೋಲ್ಟಿಗಿಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ (ನೇರ ಲೈನಿಗೆ ರೆಸಿಸ್ಟರ್ ಹಾಕುವ ಧೈರ್ಯ ಬೇಡ). ಅದರ ಔಟ್‌ಪುಟ್ಟನ್ನು 10 ಕಿಲೋ, 1 ಕಿಲೋ ಓಮ್‌ಗಳಲ್ಲಿ ಹಂಚಿ, 2.5 ವೋಲ್ಟ್ ಮೇಲೆ ಕೂರಿಸಿ ಎರಡನೇ ಪಿನ್ನಿಗೆ ಕೊಡಿ. ಇದೇ ರೆಫರೆನ್ಸ್. ಆ 2.5 ವೋಲ್ಟ್ ತೆಗೆಯಲು ಈ ಪಿನ್ನಿನ ಓದಿನಿಂದ 512 ಕಳೆಯುವುದನ್ನು ಮರೆಯಬೇಡಿ. ರೆಫರೆನ್ಸಿನಲ್ಲಿ ಡಿಸಿ (ಏರಿಳಿಯದ ಭಾಗ) ಉಳಿದರೆ ಫಿಲ್ಟರು ನಿಮ್ಮ ಒತ್ತಡವನ್ನೇ ತಿನ್ನುತ್ತದೆ. ಕಳೆದು ಉಳಿದದ್ದರ ತುದಿ ಒಂದರ ಆಸುಪಾಸಿಗೆ ಬರುವಂತೆ ಭಾಗಿಸಿ. ರೆಫರೆನ್ಸಿನ ಐದು ಸ್ಯಾಂಪಲ್ ಹಿಂದಿನ ಓದು ಕಾಲು ಆವರ್ತದಷ್ಟು ತಡವಾದ ಜೊತೆಗಾರ, ಕೆಳಗೆ ಅದನ್ನೇ ‘ತಡ’ ಎಂದಿದ್ದೇನೆ. ಇಬ್ಬರನ್ನು ಬೇರೆ ಬೇರೆ ತೂಕದಲ್ಲಿ ಬೆರೆಸಿದರೆ ಯಾವ ಫೇಸ್ (ಅಲೆಯ ಹಿಂದುಮುಂದು) ಬೇಕಾದರೂ ಸಿಗುತ್ತದೆ. ಹಾಗೆ ಬೆರೆಸಿದ್ದನ್ನು ಸೆನ್ಸರಿನ ಓದಿನಿಂದ ಕಳೆಯಿರಿ:

ಶೇಷ = ಓದು − (ತೂಕ1 × ರೆಫರೆನ್ಸ್ + ತೂಕ2 × ತಡ)

ಪ್ರತಿ ಸಲವೂ ತೂಕ1ಕ್ಕೆ 0.005 × (ಶೇಷ − ಶೇಷದ ನಿಧಾನ ಸರಾಸರಿ) × ರೆಫರೆನ್ಸ್ ಕೂಡಿಸಿ, ತೂಕ2ಕ್ಕೆ ಹಾಗೆಯೇ ತಡದಿಂದ. ಇದೇ ಎಲ್‌ಎಂಎಸ್ (ತೂಕಗಳನ್ನು ತಾನೇ ತಿದ್ದಿಕೊಳ್ಳುತ್ತಾ ಕಲಿಯುವ ಫಿಲ್ಟರು), 1960ರಲ್ಲಿ ಸ್ಟ್ಯಾನ್‌ಫರ್ಡಿನ ವಿಡ್ರೋ ಮತ್ತು ಹಾಫ್ ಕೊಟ್ಟದ್ದು. ಒಂದೆರಡು ಸೆಕೆಂಡಿನಲ್ಲಿ ಗುಂಯ್ ಅಡಗುತ್ತದೆ. ಜನರೇಟರಿನಲ್ಲಿ ಹರ್ಟ್ಸ್ ಏರಿಳಿದರೂ ರೆಫರೆನ್ಸೂ ಜೊತೆಗೇ ಏರಿಳಿಯುವುದರಿಂದ ಚಿಂತೆಯಿಲ್ಲ. 0.005 ದೊಡ್ಡದು ಮಾಡುವ ಆತುರ ಬೇಡ, ಬೇಗ ಕಲಿಯುವ ಫಿಲ್ಟರು ಹೊಡೆತವನ್ನೂ ಕಲಿತುಬಿಡುತ್ತದೆ. ಅದಕ್ಕೇ ನಾನು ಒಂದು ಷರತ್ತು ಹಾಕಿದ್ದೇನೆ: ಶೇಷ ತನ್ನ ಸರಾಸರಿಯಿಂದ 60 ಮೆಟ್ಟಿಲು ದಾಟಿದರೆ ತೂಕ ಬದಲಾಯಿಸುವುದಿಲ್ಲ.

ಬೋರ್ಡು ಮಾತ್ರ ಬ್ಯಾಟರಿಯಲ್ಲಿರಲಿ. ಕರೆಂಟ್ ಹೋದ ಕ್ಷಣಕ್ಕೆ ಗುಂಯ್, ರೆಫರೆನ್ಸ್ ಎರಡೂ ಒಟ್ಟಿಗೇ ಸೊನ್ನೆ. ಕಳೆಯಲು ಏನೂ ಉಳಿಯದೆ ಹೊಡೆತ ಇದ್ದ ಹಾಗೇ ದಾಖಲಾಗುತ್ತದೆ.