ಡಿಸ್ಲೆಕ್ಸಿಯಾ ಇರೋ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುವ ರೀತಿ

ಸ್ಪೆಲಿಂಗ್ ತಪ್ಪಿದ್ದಕ್ಕೆ ಇಂಪೋಸಿಷನ್ ಬರೆಸೋದನ್ನು ದಯವಿಟ್ಟು ನಿಲ್ಲಿಸಿ. ಡಿಸ್ಲೆಕ್ಸಿಯಾ ಅಂದರೆ ಓದೋದು, ಸ್ಪೆಲಿಂಗ್ ಬರೆಯೋದು ಕಷ್ಟವಾಗುವ ಕಲಿಕೆಯ ತೊಂದರೆ. ಅದು ಇರೋ ಮಗು ನೂರು ಸಲ ಬರೆದರೆ ಆ ತಪ್ಪನ್ನೇ ನೂರು ಸಲ ಬರೆದಿರುತ್ತದೆ, ಅಷ್ಟೇ.

ಮಂಡ್ಯದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ನಮ್ಮ ಮಕ್ಕಳ ಕಿವಿಗೆ ಇಂಗ್ಲಿಷ್ ಮನೆಯಲ್ಲೂ ಬೀಳಲ್ಲ, ಬೀದಿಯಲ್ಲೂ ಬೀಳಲ್ಲ. ಹಾಗಾಗಿ ಯಾರಿಗೆ ಅಭ್ಯಾಸ ಮಾತ್ರ ಕಡಿಮೆ, ಯಾರಿಗೆ ನಿಜವಾಗಿ ತೊಂದರೆ ಇದೆ ಅಂತ ಇಂಗ್ಲಿಷ್ ನೋಟ್ಸ್ ನೋಡಿ ಹೇಳೋದು ಕಷ್ಟ. ನಾನು ಮೊದಲು ಕನ್ನಡ ಓದಿಸಿ ನೋಡುತ್ತೇನೆ. ಏಳನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬಂದ ಕಡೆ ನಿಂತುಬಿಡೋದು, ಪ-ಷ, ದ-ಧ-ಥ ಅದಲುಬದಲಾಗೋದು, ಈಗಷ್ಟೇ ಓದಿದ ಪದ ಮುಂದಿನ ಸಾಲಿನಲ್ಲಿ ಬಂದರೆ ಮತ್ತೆ ಮೊದಲಿನಿಂದ ಕೂಡಿಸಿಕೊಂಡು ಓದೋದು, ಆದರೆ ಪಾಠ ಕೇಳಿಸಿದರೆ ಉತ್ತರ ಪಟಪಟ ಹೇಳೋದು, ಇಷ್ಟು ಕಂಡರೆ ನನಗೆ ಅನುಮಾನ ಶುರು. ಕೆಲವರು ಕನ್ನಡದಲ್ಲಿ ಹೇಗೋ ನಿಭಾಯಿಸಿರುತ್ತಾರೆ. ನಮ್ಮಲ್ಲಿ ಬರೆದ ಹಾಗೇ ಓದಬಹುದು, ಅಲ್ವಾ? ಇಂಗ್ಲಿಷ್‌ನಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದು. ‘ಸಿ’ ಅಕ್ಷರ ಕ್ಯಾಟ್‌ನಲ್ಲಿ ಒಂದು ಥರ, ಸಿಟಿಯಲ್ಲಿ ಇನ್ನೊಂದು ಥರ. ಅವರ ತೊಂದರೆ ಹೊರಗೆ ಬರೋದೇ ಇಲ್ಲಿ.

ಅದಕ್ಕೇ ನಾನು ಅಕ್ಷರದ ಹೆಸರಿಗಿಂತ ಮೊದಲು ಸದ್ದು ಕಲಿಸುತ್ತೇನೆ. ತಟ್ಟೆಯಲ್ಲಿ ಜರಡಿ ಹಿಡಿದ ಮರಳು ಹರಡಿ, ಬೆರಳಲ್ಲಿ ದೊಡ್ಡದಾಗಿ ತಿದ್ದುತ್ತಾ ಬಾಯಲ್ಲಿ ಆ ಸದ್ದು ಹೇಳಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ಕೆಲಸ ಮಾಡುವ ಈ ದಾರಿಯನ್ನು 1930ರ ದಶಕದಲ್ಲೇ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ ಹಾಕಿಕೊಟ್ಟರು. ಸಣ್ಣ ‘ಬಿ’, ಸಣ್ಣ ‘ಡಿ’ ಒಟ್ಟಿಗೆ ಬೇಡ. ಒಂದು ಅಕ್ಷರ ಕೈಗೆ ಹತ್ತಿದ ಮೇಲೆ ಇನ್ನೊಂದು. ಆಮೇಲೆ ಕ್ಯಾಟ್, ಬ್ಯಾಟ್, ಮ್ಯಾಟ್ ಥರ ಒಂದೇ ಕೊನೆಯ ಪದಗಳು. ಟ್ಯಾಪ್ ಪದದ ಕೊನೆಗೆ ‘ಇ’ ಸೇರಿದರೆ ಟೇಪ್ ಆಗುತ್ತದೆ, ಆ ‘ಇ’ಯನ್ನು ಯಾವಾಗಲೂ ಕೆಂಪು ಚಾಕ್‌ಪೀಸಿನಲ್ಲೇ ಬರೆಯುತ್ತೇನೆ. ವಾಸ್ (was), ಸೆಡ್ (said) ಥರ ನಿಯಮಕ್ಕೆ ಸಿಗದ ಪದಗಳು ದಿನಕ್ಕೆ ಒಂದೆರಡು ಸಾಕು, ನಿನ್ನೆಯವು ಇವತ್ತೂ ಬರಬೇಕು.

ಇದ್ದಕ್ಕಿದ್ದಂತೆ ಎಬ್ಬಿಸಿ ಓದು ಅನ್ನಲ್ಲ. ಯಾವ ಸಾಲು ಓದಬೇಕು ಅಂತ ಹಿಂದಿನ ದಿನವೇ ಹೇಳುತ್ತೇನೆ. ಬೋರ್ಡ್ ನೋಡಿ ಬರೆದುಕೊಳ್ಳೋದರಲ್ಲೇ ಅವರ ಶಕ್ತಿಯೆಲ್ಲ ಹೋಗುತ್ತದೆ, ಅದಕ್ಕೆ ನಾನೇ ದೊಡ್ಡ ಅಕ್ಷರದಲ್ಲಿ ಸಾಲು ಬಿಟ್ಟು ಬರೆದ ಹಾಳೆ ಕೊಡುತ್ತೇನೆ. ಕ್ಲಾಸ್ ಟೆಸ್ಟಿನಲ್ಲಿ ಉತ್ತರಕ್ಕೆ ಬೇರೆ ಅಂಕ, ಸ್ಪೆಲಿಂಗಿಗೆ ಬೇರೆ. ಬಾಯಲ್ಲಿ ಹೇಳಿದರೂ ಅಂಕ ಕೊಡುತ್ತೇನೆ, ಅದು ಅವರ ಹಕ್ಕು.

ಅಪ್ಪಂದಿರು ಬಂದು “ಎಲ್ಲಾ ಕೆಲ್ಸ ಮಾಡ್ತಾನೆ ಕನ ಮೇಡಂ, ಓದಾಕ್ ಮಾತ್ರ ಸೋಂಬೇರಿ” ಅಂದಾಗ ನನಗೆ ಸಂಕಟ ಆಗುತ್ತದೆ. ಸೋಮಾರಿ ಅಲ್ಲ ಅಂತ ಕೂರಿಸಿ ಹೇಳಿ, ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೇಳಬಹುದು, ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಅಂತಿದೆ. ಈ ಓಡಾಟವನ್ನು ಎಂಟನೇ ಕ್ಲಾಸಿನಲ್ಲೇ ಮುಗಿಸಿ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬರೋ ಹೊತ್ತಿಗೆ ಶುರು ಮಾಡಬೇಡಿ.