ನನ್ನ ರಜೆಯ ಕಾರಣ ಸಹೋದ್ಯೋಗಿಯ ಫೋನಿನಲ್ಲಿ ಸಿಕ್ಕಿತು: ನನ್ನ ಅನುಭವ

ಆಫೀಸ್ ಆಪ್‌ಗಳಲ್ಲಿ ಮಾಹಿತಿ ಸೋರಿಕೆ ಹುಡುಕಲು ನಾನು ಮಾಡಿಕೊಂಡ ವಿಧಾನದ ಬಗ್ಗೆ ಹೇಳಿದಾಗಲೆಲ್ಲ ಜೊತೆಯವರು ಕೇಳಿದ್ದು ಒಂದೇ ಮಾತು, "ದೋಷಗಳನ್ನು ತಾನೇ ಹುಡುಕುವ ಸ್ಕ್ಯಾನರ್ ಸಾಫ್ಟ್‌ವೇರ್ ಇರುವಾಗ ಇದೆಲ್ಲ ಯಾಕೆ?" ಈಗ ಮೂರನೇ ಆಪ್‌ನಲ್ಲೂ ಫಲ ಕೊಟ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದು. ದುಬಾರಿ ಸ್ಕ್ಯಾನರಿಗೆ ಒಂದು ವರ್ಷದ ದುಡ್ಡು ಮುಂಗಡ ಕಟ್ಟಿದೆ. ಅದು ಒಂದೇ ಆಪ್‌ಗೆ ಸುಮಾರು 140 ದೋಷ ತೋರಿಸಿತು. ಬ್ಯಾಕಪ್ ತೆರೆದಿದೆ, ಆಪ್‌ನ ಒಂದು ಸ್ಕ್ರೀನನ್ನು ಬೇರೆ ಆಪ್‌ಗಳೂ ತೆರೆಯಬಹುದು, ಇಂಥವೇ ಜಾಸ್ತಿ. ರಿಪೋರ್ಟ್ ಕೊಟ್ಟರೆ ಡೆವಲಪರ್ ಕೇಳಿದರು, "ಇದರಿಂದ ಯಾರ ಡೇಟಾ ಯಾರಿಗೆ ಹೋಗುತ್ತೆ, ತೋರಿಸಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಬೌಂಟಿಗೆ (ದೋಷ ತೋರಿಸಿದವರಿಗೆ ಕಂಪನಿಗಳು ಕೊಡುವ ಬಹುಮಾನ) ಕಳಿಸಿದ ಒಂಬತ್ತೋ ಹತ್ತೋ ರಿಪೋರ್ಟುಗಳಲ್ಲಿ ಅರ್ಧ ಡೂಪ್ಲಿಕೇಟ್, ಬೇರೆಯವರು ಮೊದಲೇ ಕಳಿಸಿದ್ದವು. ದುಡ್ಡು ಬಂದದ್ದು ಒಂದಕ್ಕೆ, ಅದೂ ಸ್ಕ್ಯಾನರಿನ ಒಂದು ತಿಂಗಳ ಖರ್ಚಿಗೂ ಸಾಲಲಿಲ್ಲ. ಜೈಲ್‌ಬ್ರೇಕ್ (ಆಪಲ್ ಹಾಕಿದ ಬೀಗ ಒಡೆಯುವುದು) ಮಾಡಲೆಂದೇ ಕೊಂಡ ಹಳೆಯ ಐಫೋನ್ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ ಕೆಲಸಕ್ಕೆ ಬಾರದಂತಾಯಿತು. ಆ ವರ್ಷದ ಸಂಪಾದನೆಯಲ್ಲಿ ಮೂರರಲ್ಲೊಂದು ಪಾಲು ಹೀಗೇ ಹೋಯಿತು.

ಆ ಡೆವಲಪರ್ ಕೇಳಿದ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಯಾರ ಡೇಟಾ, ಯಾರಿಗೆ? ಹಾಗಾದರೆ ಡೇಟಾದ ಮೇಲೆಯೇ ಹೆಸರು ಬರೆದುಬಿಟ್ಟರೆ ಹೇಗೆ ಅಂತ ಹೊಳೆಯಿತು.

ಮಾಡಿದ್ದು ಇಷ್ಟು. ಲಿಖಿತ ಅನುಮತಿ ಪಡೆದು ನಾಲ್ಕು ಟೆಸ್ಟ್ ಖಾತೆ, ನಾಲ್ಕು ಫೋನ್: ನೌಕರ, ಸಹೋದ್ಯೋಗಿ, ಮ್ಯಾನೇಜರ್, ಎಚ್‌ಆರ್. ಆಪ್‌ನಲ್ಲಿ ತುಂಬಬಹುದಾದ ಪ್ರತಿ ಜಾಗಕ್ಕೂ ಬೇರೆ ಬೇರೆ ಗುರುತಿನ ಪದ ಹಾಕಿದೆ. ಒಂಬತ್ತು ಅಕ್ಷರ, ಯಾವ ಭಾಷೆಯಲ್ಲೂ ಇಲ್ಲದ ಪದ. ಮೊದಲೆರಡು ಅಕ್ಷರ ಯಾವ ಖಾತೆ ಅಂತ ಹೇಳುತ್ತವೆ, ನಡುವಿನವು ಯಾವ ಸ್ಕ್ರೀನ್, ಕೊನೆಯದು ಯಾವ ದಿನ. ಚಾಟ್, ರಜೆ ಅರ್ಜಿಯ ಕಾರಣ, ಬಿಲ್ಲಿನ ಫೈಲ್ ಹೆಸರು, ಹುಡುಕಾಟದ ಪೆಟ್ಟಿಗೆ, ಏನನ್ನೂ ಬಿಡಲಿಲ್ಲ. ಎರಡು ದಿನ ಮಾಮೂಲಿಯಾಗಿ ಆಪ್ ಬಳಸಿ, ಅರ್ಧ ಮೆಸೇಜ್ ಅಳಿಸಿ, ಲಾಗ್‌ಔಟ್ ಮಾಡಿ, ನಾಲ್ಕೂ ಫೋನಿನ ಆಪ್ ಫೋಲ್ಡರ್, ಲಾಗ್ (ಆಪ್ ತನ್ನ ಕೆಲಸವನ್ನು ಬರೆದಿಡುವ ಕಡತ), ಆಪ್ ಮತ್ತು ಸರ್ವರ್ ನಡುವಿನ ಮಾತನ್ನು ಹಿಡಿಯುವ ಪ್ರಾಕ್ಸಿಯಲ್ಲಿ ಸಿಕ್ಕಿದ್ದೆಲ್ಲ ಒಂದೆಡೆ ಎಳೆದುಕೊಂಡು ಹುಡುಕಿದೆ.

ಮೊದಲ ಸಲ ಏನೂ ಸಿಗಲಿಲ್ಲ. ಒಂದೇ ಒಂದು ಪದವೂ ಇಲ್ಲ! ಮೂರು ದಿನ ಕೂತ ಮೇಲೆ ಅರ್ಥವಾಯಿತು, ಡೇಟಾ ಇತ್ತು, ಆದರೆ ಜಿಜಿಪ್ ಆಗಿತ್ತು (ಒತ್ತಿ ಚಿಕ್ಕದಾಗಿಸಿದ್ದು), ಇಲ್ಲವೇ ಬೇಸ್64 ಆಗಿತ್ತು (ಬೇರೆ ಅಕ್ಷರಗಳಲ್ಲಿ ಬರೆದದ್ದು). ಬೇಸ್64ರಲ್ಲಿ ಒಂದೇ ಪದ, ತಾನು ಶುರುವಾಗುವ ಜಾಗದ ಮೇಲೆ, ಮೂರು ಬೇರೆ ರೂಪ ತಾಳುತ್ತದೆ. ಮೂರನ್ನೂ ಹುಡುಕಬೇಕು. ಎಲ್ಲವನ್ನೂ ಬಿಚ್ಚಿ ಹುಡುಕುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡೆ. ಪದಗಳನ್ನು ಹೇಗೆ ಆರಿಸುತ್ತೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಅನ್ನ ಕೊಡುತ್ತಿರುವುದು ಅದೇ.

ಸುಮ್ನೆ ಕುತೂಹಲಕ್ಕೆ ಕನ್ನಡ ಅಕ್ಷರದ ಪದಗಳನ್ನೂ ಹಾಕಿ ನೋಡಿದೆ. ಒಳ್ಳೆಯದೇ ಆಯಿತು. ಜೇಸನ್‌ನಲ್ಲಿ (ಆಪ್ ಮತ್ತು ಸರ್ವರ್ ಡೇಟಾ ಕಳಿಸಿಕೊಳ್ಳುವ ರೂಪ) ಎಷ್ಟೋ ಸಲ 'ಕ' ಅಕ್ಷರ 'ಕ' ಆಗಿ ಇರುವುದಿಲ್ಲ, ಅದರ ಯೂನಿಕೋಡ್ ಸಂಖ್ಯೆ ಮಾತ್ರ ಇರುತ್ತದೆ. ಐಫೋನ್ ಆಪ್‌ಗಳು ಸೆಟ್ಟಿಂಗ್ ಇಡುವ ಬೈನರಿ ಪಿಲಿಸ್ಟ್ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದ ಪದ ನೇರವಾಗಿ ಕಾಣುತ್ತದೆ, ಕನ್ನಡದ್ದು ಯುಟಿಎಫ್-16 ಎಂಬ ಬೇರೆ ಸಂಕೇತದಲ್ಲಿ ಕೂತಿರುತ್ತದೆ. ಇಂಗ್ಲಿಷ್ ಪದಗಳಲ್ಲಷ್ಟೇ ಪರೀಕ್ಷಿಸುವವರು ಇದನ್ನು ಗಮನಿಸುವುದೇ ಇಲ್ಲ.

ಎರಡನೇ ಸುತ್ತಿನಲ್ಲಿ ಹನ್ನೊಂದು ಕಡೆ ಸಿಕ್ಕಿತು. ಅಳಿಸಿದ ಚಾಟ್ ಡೇಟಾಬೇಸಿನ ಪಕ್ಕದ ವಾಲ್ ಫೈಲಿನಲ್ಲಿ (ಬದಲಾವಣೆಗಳನ್ನು ಮೊದಲು ಬರೆದಿಡುವ ಕಡತ) ಹಾಗೇ ಇತ್ತು. ಹುಡುಕಾಟದ ಪದಗಳು ಲಾಗ್‌ನಲ್ಲಿ. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಾಲು ಬೇರೆ. ಸಹೋದ್ಯೋಗಿಯ ಐಫೋನಿನಲ್ಲಿ, ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಡೇಟಾಬೇಸಿನೊಳಗೆ, ನೌಕರ ಖಾತೆಯ ರಜೆಯ ಕಾರಣದ ಪದ! ತಂಡದ ಕ್ಯಾಲೆಂಡರಿನಲ್ಲಿ ಕಾಣುವುದು ಹೆಸರು, ತಾರೀಖು ಮಾತ್ರ. ಸರ್ವರ್ ಕಳಿಸುತ್ತಿದ್ದದ್ದು ಇಡೀ ಅರ್ಜಿ, ಕಾರಣ, ಮನೆಯ ಫೋನ್ ನಂಬರ್ ಸಮೇತ. ಸ್ಕ್ರೀನಿನಲ್ಲಿ ತೋರಿಸದಿದ್ದರೆ ಸಾಕು ಅಂತ ಆಪ್ ಮಾಡಿದವರು ಅಂದುಕೊಂಡಿದ್ದರು. ಸಾಫ್ಟ್‌ವೇರ್ ಸುರಕ್ಷತೆಯ ಸಂಸ್ಥೆ ಒವಾಸ್ಪ್‌ನ 2019ರ ಎಪಿಐ (ಆಪ್ ಮತ್ತು ಸರ್ವರ್ ಮಾತಾಡುವ ದಾರಿ) ಅಪಾಯಗಳ ಪಟ್ಟಿಯಲ್ಲಿ ಇದು ಮೂರನೆಯದು, ಹೊಸದೇನಲ್ಲ. ಆದರೂ ಸ್ಕ್ಯಾನರಿಗೆ ಸಿಗಲಿಲ್ಲ, ಅಲ್ವಾ? ಆ ಕಾರಣ ಯಾರದ್ದು, ಅದು ಯಾರಿಗೆ ಕಾಣಬಾರದು ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ರಜೆಯ ಕಾರಣ ಅಂದರೆ ಯಾರದೋ ಕಾಯಿಲೆ, ಯಾರದೋ ಮನೆಯ ಕಷ್ಟ. ಅದು ಪಕ್ಕದ ಮೇಜಿನವರ ಫೋನಿನಲ್ಲಿ ಇರಬಾರದು.

ಈ ಸಲ ಡೆವಲಪರ್ ಏನೂ ಕೇಳಲಿಲ್ಲ. ಎರಡು ಫೋನ್ ಪಕ್ಕಪಕ್ಕ ಇಟ್ಟು ಪದ ತೋರಿಸಿದೆ, ಸರ್ವರಿನ ತಪ್ಪನ್ನು ಅದೇ ವಾರ ಸರಿ ಮಾಡಿದರು. ಒಪ್ಪಿಕೊಂಡ ಫೀಸಿನ ಮೇಲೆ ಮತ್ತೆ ಅರ್ಧದಷ್ಟು ಕೊಟ್ಟು, ಮುಂದಿನ ಎರಡು ಆಪ್‌ಗಳನ್ನೂ ನನಗೇ ಒಪ್ಪಿಸಿದರು. ಸ್ಕ್ಯಾನರಿಗೆ ಸುರಿದ ದುಡ್ಡು ಅಷ್ಟರಲ್ಲೇ ವಾಪಸ್ ಬಂತು. ಮರುಪರೀಕ್ಷೆಯಲ್ಲಿ ಹನ್ನೊಂದರಲ್ಲಿ ಎರಡು ಉಳಿದಿದ್ದವು, ಎರಡೂ ಆ ವಾಲ್ ಫೈಲಿನವೇ. ಲಾಗ್‌ಔಟ್ ಆದಾಗ ಡೇಟಾಬೇಸನ್ನೇ ಪೂರ್ತಿ ಅಳಿಸಿ ಅಂತ ಬರೆದು ಕಳಿಸಿದ್ದೇನೆ. ಹೊಸ ಬಿಲ್ಡ್ ಬಂದ ಕೂಡಲೇ ಹೊಸ ಪದಗಳನ್ನು ಹಾಕಿ ಮತ್ತೆ ನೋಡುತ್ತೇನೆ.