ಬಾಲದಿಂದ ಓದಲು ಕಲಿತದ್ದು

ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸಿನ ಮೊದಲ ವರ್ಷದಲ್ಲಿ ನನ್ನನ್ನು ಸರ್ಜಿಕಲ್ ವಾರ್ಡಿಗೆ ಹಾಕಿದ ದಿನ, ಅಲ್ಲಿನ ಹಿರಿಯ ಸಿಸ್ಟರ್ ಒಂದು ಕೇಸ್‌ಶೀಟ್ ಕೈಗೆ ಕೊಟ್ಟು, "ಆಪರೇಷನ್ ಹೆಸರು ಓದಮ್ಮ" ಅಂದರು. ಅಲ್ಲಿದ್ದದ್ದು ‘ಕೋಲಿಸಿಸ್ಟೆಕ್ಟಮಿ’. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ‘ಕೋಲಿ’ ಅನ್ನುವಷ್ಟರಲ್ಲಿ ನಾಲಿಗೆ ನಿಂತಿತು. ಅವರು ಬೈಯಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಆ ಪದದ ನಡುವೆ ಎರಡು ಗೆರೆ ಎಳೆದರು. "ಈಗ ಕೊನೆಯಿಂದ ಓದು. ಎಕ್ಟಮಿ ಅಂದ್ರೆ ಕತ್ತರಿಸಿ ತೆಗೆಯೋದು. ಏನನ್ನ? ಸಿಸ್ಟ್, ಚೀಲ. ಯಾವುದರ ಚೀಲ? ಕೋಲಿ, ಪಿತ್ತ."

ಪಿತ್ತದ ಚೀಲ. ಪಿತ್ತಕೋಶ! ಆ ಪದ ನನಗೆ ಹೈಸ್ಕೂಲಿನ ವಿಜ್ಞಾನ ಪುಸ್ತಕದಿಂದಲೇ ಗೊತ್ತಿತ್ತು. ನಮ್ಮವರೂ, ಗ್ರೀಕ್ ಭಾಷೆಯ ತುಂಡುಗಳಿಂದ ಈ ಪದ ಕಟ್ಟಿದವರೂ ಒಂದೇ ರೀತಿ ಎರಡು ತುಂಡು ಜೋಡಿಸಿ ಒಂದೇ ಅಂಗಕ್ಕೆ ಹೆಸರಿಟ್ಟಿದ್ದಾರೆ. ಆವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರಲಿಲ್ಲ. ಪುಸ್ತಕದಲ್ಲಿದ್ದ ಉದ್ದುದ್ದ ಪದಗಳಿಗೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಕೂತೆ.

ಅದಕ್ಕೂ ಮೊದಲು ನನ್ನ ಹತ್ತಿರ ಒಂದು ಜೆರಾಕ್ಸ್ ಪಟ್ಟಿ ಇತ್ತು. ಉಪಸರ್ಗ, ಮೂಲಪದ, ಪ್ರತ್ಯಯ ಎಲ್ಲವೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಬಾಯಿಪಾಠ ಮಾಡಿದ್ದು ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಬರೀ ಬಾಲಗಳನ್ನು, ಅಂದರೆ ಪದದ ಕೊನೆಯ ತುಂಡುಗಳನ್ನು ಹಿಡಿದೆ. ಕನ್ನಡದವರಿಗೆ ಇದು ಹೊಸದೇನಲ್ಲ. ಮನೆ, ಮನೆಯಿಂದ, ಮನೆಯವರಿಗೂ: ನಮ್ಮ ಮಾತಿನಲ್ಲಿ ಯಾರಿಗೆ, ಎಲ್ಲಿಂದ ಅನ್ನುವುದೆಲ್ಲ ಪದದ ಕೊನೆಯಲ್ಲೇ ತಿಳಿಯುವುದು. ಕೊನೆಯವರೆಗೆ ಕಾಯುವ ಅಭ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದಲೇ ಇದೆ. ಐಟಿಸ್ ಇದ್ದರೆ ಉರಿಯೂತ, ಆಲ್ಜಿಯಾ ಇದ್ದರೆ ನೋವು, ಈಮಿಯಾ ಇದ್ದರೆ ರಕ್ತದ ವಿಚಾರ, ಮೆಗಲಿ ಇದ್ದರೆ ಅಂಗ ದೊಡ್ಡದಾಗಿದೆ. ಇಪ್ಪತ್ತೈದು ಬಾಲ ಗಟ್ಟಿಯಾಗುವಷ್ಟರಲ್ಲಿ ವಾರ್ಡಿನ ಅರ್ಧ ಕೇಸ್‌ಶೀಟ್‌ಗಳು ಬಾಯಿಬಿಟ್ಟಿದ್ದವು.

ತುಂಬಾ ದಿನ ತೊಡಕಾಗಿದ್ದು ಟಮಿ, ಎಕ್ಟಮಿ, ಆಸ್ಟಮಿ. ಟಮಿ ಅಂದರೆ ಕುಯ್ಯುವುದು, ಅಷ್ಟೇ. ಎಕ್ಟಮಿ ಅಂದರೆ ಕುಯ್ದು ಹೊರಗೆ ತೆಗೆಯುವುದು. ಆಸ್ಟಮಿ ಅಂದರೆ ಬಾಯಿ ಮಾಡುವುದು. ಗ್ರೀಕಿನಲ್ಲಿ ಸ್ಟೋಮ ಎಂದರೆ ಬಾಯಿ. ಕೊಲಾಸ್ಟಮಿ ಆದ, ಅಂದರೆ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿದ್ದ ಒಬ್ಬ ಅಜ್ಜನ ಡ್ರೆಸ್ಸಿಂಗ್ ಮಾಡುವಾಗ, ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ, ತುಟಿಯ ಹಾಗೆ ಕಾಣುತ್ತಿದ್ದ ಆ ಜಾಗವನ್ನು ನೋಡಿದ ಮೇಲೆ ಈ ಮೂರೂ ಮತ್ತೆಂದೂ ಕಲೆಸಿಹೋಗಲಿಲ್ಲ.

ಆಮೇಲೆ ಸಂಧಿ. ನಮ್ಮ ಕನ್ನಡ ಮೇಷ್ಟ್ರು ಕಲಿಸಿದ್ದ ಲೋಪ, ಆಗಮ, ಆದೇಶ ಇಲ್ಲಿ ಹೀಗೆ ಉಪಯೋಗಕ್ಕೆ ಬಂದೀತು ಅಂದುಕೊಂಡಿರಲಿಲ್ಲ. ನೆಫ್ರ್ (ಮೂತ್ರಪಿಂಡ) ಮತ್ತು ಲಜಿ (ಶಾಸ್ತ್ರ) ನೇರವಾಗಿ ಸೇರಿದರೆ ಉಚ್ಚರಿಸಲು ಕಷ್ಟ, ಅದಕ್ಕೆ ನಡುವೆ ಒಂದು ‘ಒ’ ಬರುತ್ತದೆ. ಮನೆ, ಅನ್ನು ಸೇರುವಾಗ ‘ಯ’ ಬಂದ ಹಾಗೆ. ಆದರೆ ನಮ್ಮಲ್ಲಿ ಎರಡು ಸ್ವರಗಳ ನಡುವೆ ವ್ಯಂಜನ, ಅವರಲ್ಲಿ ಎರಡು ವ್ಯಂಜನಗಳ ನಡುವೆ ಸ್ವರ. ಬಾಲ ಸ್ವರದಿಂದ ಶುರುವಾದರೆ ಆ ‘ಒ’ ಬಿದ್ದುಹೋಗುತ್ತದೆ: ಗ್ಯಾಸ್ಟ್ರೊ (ಜಠರ), ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್. ಊರು ಊರು ಸೇರಿ ಊರೂರು ಆದಂತೆ. ಎರಡು ಮೂಲಪದಗಳ ನಡುವೆ ಮಾತ್ರ ಅದು ಸಾಮಾನ್ಯವಾಗಿ ಹಾಗೇ ನಿಲ್ಲುತ್ತದೆ. ಗ್ಯಾಸ್ಟ್ರೊಎಂಟರೈಟಿಸ್‌ನಲ್ಲಿ ‘ಎಂಟರ್’ (ಕರುಳು) ಎಂದು ಮುಂದೆ ಸ್ವರವಿದ್ದರೂ ‘ಒ’ ಬೀಳುವುದಿಲ್ಲ. ಇದು ತಿಳಿದ ಮೇಲೆ ಸ್ಪೆಲ್ಲಿಂಗ್ ತಪ್ಪುವುದು ಬಹಳ ಕಡಿಮೆಯಾಯಿತು.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ‘ಅ’ ಮತ್ತು ‘ಅನ್’. ಶುದ್ಧವಲ್ಲದ್ದು ಅಶುದ್ಧ, ಉಚಿತವಲ್ಲದ್ದು ಅನುಚಿತ. ಮುಂದೆ ವ್ಯಂಜನವಿದ್ದರೆ ‘ಅ’, ಸ್ವರವಿದ್ದರೆ ‘ಅನ್’. ಗ್ರೀಕಿನಲ್ಲೂ ಇದೇ ನಿಯಮ, ಒಂದಕ್ಷರ ವ್ಯತ್ಯಾಸವಿಲ್ಲ. ಉಸಿರು ನಿಂತರೆ ಅಪ್ನಿಯಾ, ಮೂತ್ರ ನಿಂತರೆ ಅನ್ಯೂರಿಯಾ. ಇದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದಲ್ಲಿ ಹೇಳಿದ್ದರು. ಕನ್ನಡ ಬೇರೆ ಕುಟುಂಬದ ಭಾಷೆ. ಆದರೂ ಸಂಸ್ಕೃತದಿಂದ ಬಂದು ನಮ್ಮ ದಿನದ ಮಾತೇ ಆಗಿಹೋದ ಪದಗಳ ಮೂಲಕ ನಮಗೂ ಆ ಮನೆಯ ನಂಟು ಸಿಗುತ್ತದೆ. ಪೆರಿ ನಮ್ಮ ‘ಪರಿ’. ಹೈಪರ್ ಎಂದರೆ ‘ಉಪರಿ’, ಹೈಪೊ ಎಂದರೆ ‘ಉಪ’. ಆಸ್ಟಿಯೊ ಅಸ್ಥಿ, ಓಡಾಂಟ್ ದಂತ, ಪೋಡ್ ಪಾದ. ಹೆಪಾಟ್ ಮತ್ತು ಯಕೃತ್ ಕೇಳಲು ದೂರ ಅನಿಸಿದರೂ ದಾಯಾದಿಗಳೇ. ಡಿಸ್‌ಪೆಪ್ಸಿಯಾದ ‘ಡಿಸ್’ ನಮ್ಮ ‘ದುಸ್’, ‘ಪೆಪ್ಸಿ’ ನಮ್ಮ ‘ಪಚನ’. ಸರಿಯಾಗಿ ಪಚನವಾಗದ ಹೊಟ್ಟೆ ಎಂದು ಪದವೇ ಹೇಳುತ್ತಿದೆ.

ಕಲಿತದ್ದನ್ನು ಉಳಿಸಿಕೊಂಡದ್ದು ಮಾತ್ರ ವಾರ್ಡಿನಲ್ಲಿ. ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಎಡಗಡೆ ಪದ, ಬಲಗಡೆ ಬೆಡ್ ನಂಬರ್ ಮತ್ತು ನಾನು ಕಣ್ಣಾರೆ ಕಂಡದ್ದು. ರೋಗಿಯ ಹೆಸರು ಬರೆಯುತ್ತಿರಲಿಲ್ಲ. ಮೂತ್ರವನ್ನು ಹೇಳುವ ಬಾಲ ‘ಯೂರಿಯಾ’ದ ಇಡೀ ಸಂಸಾರವನ್ನು ನಾನು ಕಲಿತದ್ದು ಯೂರೋಬ್ಯಾಗ್ (ಮೂತ್ರದ ಚೀಲ) ಖಾಲಿ ಮಾಡುತ್ತಾ. ಬ್ಯಾಗಿನಲ್ಲಿ ಕೆಂಪು ಕಂಡ ದಿನ ಹೆಮಟ್ಯೂರಿಯಾ. ದಿನಕ್ಕೆ 400 ಎಂಎಲ್‌ಗಿಂತ ಕಡಿಮೆ ಬಂದರೆ ಆಲಿಗ್ಯೂರಿಯಾ, 3 ಲೀಟರ್ ಮೀರಿದರೆ ಪಾಲಿಯೂರಿಯಾ. ನಮ್ಮೂರಲ್ಲಿ ಉರಿಮೂತ್ರ ಅನ್ನುವುದಕ್ಕೆ ಹತ್ತಿರದ್ದು ಡಿಸ್ಯೂರಿಯಾ. ರಾತ್ರಿ ಮೂರು ಸಲ ಎದ್ದು ಹೋಗುತ್ತಿದ್ದ ಎಂಟನೇ ಬೆಡ್ಡಿನ ಯಜಮಾನರಿಂದ ನಾಕ್ಟ್ಯೂರಿಯಾ ನೆನಪಿನಲ್ಲಿ ನಿಂತಿತು. ಅಲ್ಲಿನ ‘ನಾಕ್ಟ್’ ನಮ್ಮ ‘ನಕ್ತ’ದ ನೆಂಟ, ರಾತ್ರಿ.

ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯ ಜೊತೆ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆಯಲೇಬೇಕು ಎಂದು ಬೇಗನೆ ಗೊತ್ತಾಯಿತು. ‘ಇಲಿಯಂ’ ಎಂದು ಕನ್ನಡದಲ್ಲಿ ಬರೆದಿಟ್ಟರೆ ಯಾವುದು? ನಡುವೆ ಇಂಗ್ಲಿಷಿನ ‘ಇ’ ಇದ್ದರೆ ಸಣ್ಣ ಕರುಳಿನ ಕೊನೆಯ ಭಾಗ, ‘ಐ’ ಇದ್ದರೆ ಸೊಂಟದ ಮೂಳೆ.

ಇನ್ನೊಂದು ಗೊಂದಲ ಒಂದು ವರ್ಷ ಕಾಡಿತು. ಮೂತ್ರಪಿಂಡದ ರಕ್ತನಾಳ ‘ರೀನಲ್’, ಮೂತ್ರಪಿಂಡದ ಉರಿಯೂತ ‘ನೆಫ್ರೈಟಿಸ್’. ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ? ಅಂಗರಚನೆಯ ಹೆಸರುಗಳು ಹೆಚ್ಚಾಗಿ ಲ್ಯಾಟಿನ್, ರೋಗ ಮತ್ತು ಆಪರೇಷನ್ನುಗಳ ಹೆಸರು ಹೆಚ್ಚಾಗಿ ಗ್ರೀಕ್. ಪಲ್ಮನರಿ ಮತ್ತು ನ್ಯುಮೋನಿಯಾ, ಯೂಟರಸ್ ಮತ್ತು ಹಿಸ್ಟರೆಕ್ಟಮಿ, ಎಲ್ಲ ಇದೇ ಲೆಕ್ಕ. ಇದನ್ನು ಮೊದಲ ತಿಂಗಳೇ ಯಾರಾದರೂ ಹೇಳಬೇಕಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪದ ಗೊತ್ತಿದ್ದರೂ ಅಪಾಯ ತಪ್ಪುವುದಿಲ್ಲ ಎಂದು ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಒಂದು ರಾತ್ರಿ ಲ್ಯಾಬಿನಿಂದ ಫೋನ್ ಬಂತು. ಪೊಟ್ಯಾಸಿಯಂ 2.8, ಹೈಪೋಕಲೀಮಿಯಾ, ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡೆ. ಡ್ಯೂಟಿ ಡಾಕ್ಟರ ಬಳಿ ಓಡಿ, "ಸರ್, ಹೈಪರ್‌ಕಲೀಮಿಯಾ" ಅಂದೆ. ಅವರು ಎದ್ದು ನಿಂತು, "ಎಷ್ಟು?" ಅಂದರು. "2.8." "ಅದು ಹೈಪೋ, ಸಿಸ್ಟರ್." ಇರಬೇಕಾದದ್ದು 3.5ರಿಂದ 5. ಕಡಿಮೆಯಾದವರಿಗೆ ಪೊಟ್ಯಾಸಿಯಂ ಕೊಡುತ್ತಾರೆ; ಜಾಸ್ತಿಯಾದವರಿಗೆ ಅದನ್ನೇ ಕೊಟ್ಟರೆ ಹೃದಯ ನಿಲ್ಲಬಹುದು. ನನ್ನ ಕೈ ನಡುಗುತ್ತಿತ್ತು. ಅಂದಿನಿಂದ ಫೋನಿನಲ್ಲಿ ಹೈಪೊ, ಹೈಪರ್ ಕೇಳಿದರೆ ಸಂಖ್ಯೆಯನ್ನು ಕೇಳಿ, ಬರೆದು, ತಿರುಗಿ ಓದಿ ಹೇಳುತ್ತೇನೆ. ಡಾಕ್ಟರಿಗೆ ಹೇಳುವಾಗಲೂ ಮೊದಲು ಸಂಖ್ಯೆ, ಆಮೇಲೆ ಪದ.

ತುಂಡು ಮಾಡಿದರೆ ದಾರಿ ತಪ್ಪಿಸುವ ಪದಗಳೂ ಇವೆ. ‘ಓಮ’ ಅಂದರೆ ಗೆಡ್ಡೆ ಎಂದು ಕಲಿತಿರುತ್ತೇವೆ, ಆದರೆ ಹೆಮಟೋಮ ಅಂದರೆ ರಕ್ತ ಹೆಪ್ಪುಗಟ್ಟಿದ ಊತ, ಗ್ಲಾಕೋಮ ಕಣ್ಣಿನ ಕಾಯಿಲೆ. ‘ಮೈಲೊ’ ಒಂದು ಕಡೆ ಬೆನ್ನುಹುರಿ, ಇನ್ನೊಂದು ಕಡೆ ಮೂಳೆಯ ಮಜ್ಜೆ. ಅನೀಮಿಯಾ ಅಂದರೆ ಅಕ್ಷರಶಃ ರಕ್ತವೇ ಇಲ್ಲ ಎಂದಾಗುತ್ತದೆ; ಹಾಗೆಂದು ಗರ್ಭಿಣಿಗೆ ಹೇಳಿದರೆ ಗಾಬರಿಯಾಗುತ್ತಾಳೆ. ಅವಳ ಹತ್ತಿರ ‘ರಕ್ತ ಕಮ್ಮಿ ಇದೆ’ ಅನ್ನುವುದೇ ಸರಿ. ಇಂಥವಕ್ಕೆಂದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಬಿಟ್ಟಿದ್ದೇನೆ, ಈಗಲೂ ತುಂಬುತ್ತಿವೆ.

ಹೋದ ವಾರ ನೈಟ್ ಡ್ಯೂಟಿಯಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಕೇಸ್‌ಶೀಟ್ ಹಿಡಿದು ನಿಂತಿದ್ದಳು. ‘ಸಾಲ್ಪಿಂಗೋಊಫೊರೆಕ್ಟಮಿ’. ಕೊನೆಯಿಂದ ಶುರುಮಾಡು ಪುಟ್ಟಿ ಅಂದೆ. "ಎಕ್ಟಮಿ, ತೆಗೆದಿದ್ದಾರೆ. ಊಫೊರ್… ಮೊಟ್ಟೆ ಹೊರುವುದು, ಅಂಡಾಶಯ." ಅಲ್ಲಿಗೆ ನಿಂತಳು. ಗ್ರೀಕಿನ ಸಾಲ್ಪಿಂಕ್ಸ್ ಅಂದರೆ ಕಹಳೆ. ನಾನು ಬಾಯಿಂದ ಹೇಳಲಿಲ್ಲ, ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಒಂದು ಕಹಳೆ ಬರೆದು, ಅದರ ಅಗಲವಾದ ತುದಿಯ ಪಕ್ಕ ಸಣ್ಣದೊಂದು ಅಂಡಾಶಯ ಬರೆದೆ. ಸ್ವಲ್ಪ ಹೊತ್ತು ನೋಡಿದಳು.

"ಅಂಡನಾಳಾನಾ ಸಿಸ್ಟರ್?"